ಕೊಳವೆಯಲ್ಲಿ ಬರುವ ತಾಮ್ರ

ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಈಗ ಮನುಷ್ಯರು ಬರುವುದು ಅಪರೂಪ. ಕುಲುಮೆಯ ಕಡೆಯಿಂದ ಗೋಡೆಯ ಮೇಲೆ ಒಂದು ಉಕ್ಕಿನ ಕೊಳವೆ ಹಾದು ಬಂದಿದೆ. ಗಾಳಿಯ ಒತ್ತಡಕ್ಕೆ ಅದರೊಳಗಿಂದ ಒಂದು ಡಬ್ಬಿ ಜಾರಿ ಬಂದು ನನ್ನ ಮೇಜಿನ ಪಕ್ಕದ ಬುಟ್ಟಿಗೆ ಧಪ್ಪೆಂದು ಬೀಳುತ್ತದೆ. ಡಬ್ಬಿಯೊಳಗೆ ಒಂದು ತಾಮ್ರದ ಬಿಲ್ಲೆ. ಅದನ್ನು ಯಂತ್ರಕ್ಕೆ ಒಡ್ಡಿದರೆ ಸಣ್ಣ ಕಿಡಿ ಹಾರುತ್ತದೆ, ತಾಮ್ರದಲ್ಲಿ ಸೀಸ ಎಷ್ಟು, ತವರ ಎಷ್ಟು, ನಿಕ್ಕಲ್ ಎಷ್ಟು ಎಂಬುದೆಲ್ಲ ಪರದೆಯ ಮೇಲೆ ಮೂಡುತ್ತದೆ. ಆ ಉತ್ತರ ತಾನಾಗಿಯೇ ಕುಲುಮೆಯವರ ಪರದೆಗೂ ಹೋಗುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಒಂದು ಮಾತೂ ಆಡದೆ ಕೆಲಸ ಮುಗಿಸಿದ ದಿನಗಳಿವೆ. ಅಂಥ ದಿನ ಗೇಟಿನ ಹೊರಗೆ ಶೇರ್ ಆಟೋದವನು "ಕಹಾಂ ಜಾನಾ ಹೈ?" ಎಂದು ಕೇಳಿದರೆ, ನನ್ನ ಮನೆಯಿರುವ ವೈಶಾಲಿಯ ಹೆಸರು ಹೇಳಲು ನಾನು ಒಮ್ಮೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ.

ನಾನು ಚಿತ್ರದುರ್ಗದವಳು. ದೆಹಲಿಗೆ ಬಂದದ್ದು ತಾಮ್ರಕ್ಕಾಗಿ ಅಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಐ.ಎ.ಎಸ್. ಪರೀಕ್ಷೆಗೆ ಓದಲೆಂದು ಮುಖರ್ಜಿ ನಗರಕ್ಕೆ ಬಂದೆ. ಒಂದು ಕೋಣೆಯಲ್ಲಿ ಮೂವರು ಹುಡುಗಿಯರಿದ್ದೆವು. ಒಬ್ಬಳು ಪಾಸಾಗಿ ಹೋದಳು, ಇನ್ನೊಬ್ಬಳು ಮದುವೆಯಾಗಿ ಹೋದಳು. ನನ್ನ ಕೊನೆಯ ಪ್ರಯತ್ನವೂ ಸಂದರ್ಶನದ ಮಟ್ಟದಲ್ಲಿ ಮುಗಿದಾಗ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಊರಲ್ಲಿ ಅಪ್ಪ ಮೇಷ್ಟರಾಗಿದ್ದರು. ಎದುರು ಸಿಕ್ಕವರಿಗೆಲ್ಲ ಮಗಳು ಡೆಲ್ಲಿಯಲ್ಲಿ ಕಲೆಕ್ಟರ್ ಓದುತ್ತಿದ್ದಾಳೆ ಎಂದು ಹೇಳಿಕೊಂಡಿದ್ದರು. ಫೋನಿನಲ್ಲಿ ಅವರು, "ಹೋಗ್ಲಿ ಬಿಡು, ಬಂದ್ಬಿಡು" ಎಂದರು. ಆ 'ಬಂದ್ಬಿಡು' ಎಂಬ ಮಾತಿನಲ್ಲಿ ಅಷ್ಟು ಮೆದುತನವಿತ್ತು, ನನಗೆ ಹೋಗಲಾಗಲಿಲ್ಲ. ಸ್ವಲ್ಪ ದಿನ ಏನಾದರೂ ಕೆಲಸ ಮಾಡಿ ಆಮೇಲೆ ಬರುತ್ತೇನೆ ಎಂದೆ. ಪೇಪರಿನಲ್ಲಿ ಜಾಹೀರಾತು ನೋಡಿ, ದೆಹಲಿಯ ಅಂಚಿನ ಸಾಹಿಬಾಬಾದಿನ ಕಾರ್ಖಾನೆಗಳ ನಡುವಿನ ಈ ತಾಮ್ರ ಶುದ್ಧೀಕರಣ ಘಟಕಕ್ಕೆ ಸೇರಿದೆ. ಅಪ್ಪ ತೀರಿಕೊಂಡರು, ಅಮ್ಮ ಅಣ್ಣನ ಮನೆಗೆ ಹೋದರು. ನನ್ನ 'ಸ್ವಲ್ಪ ದಿನ' ಮಾತ್ರ ಇನ್ನೂ ಮುಗಿದಿಲ್ಲ.

ನಾನು ಸೇರಿದ ಕಾಲಕ್ಕೆ ಇಲ್ಲಿ ಇದ್ದದ್ದು ಕಲ್ಲಿದ್ದಲಿನ ಹಳೆಯ ಕುಲುಮೆ. ಮನೆಯಷ್ಟು ದೊಡ್ಡದು, ಇಟ್ಟಿಗೆಯದು, ಮೇಲೆ ಬೆನ್ನು ಬಾಗಿದಂಥ ಕಮಾನು. ಹಳೆ ವೈರು, ಮೋಟಾರಿನ ಸುರುಳಿ, ತೂತುಬಿದ್ದ ಹಂಡೆ, ಪೂಜೆಯ ತಂಬಿಗೆ, ಎಲ್ಲವೂ ಅದರ ಹೊಟ್ಟೆಗೆ ಹೋಗುತ್ತಿದ್ದವು. ಕರಗಿದ ತಾಮ್ರಕ್ಕೆ ಮೊದಲು ಗಾಳಿ ಊದಿ ಕಲ್ಮಶವನ್ನು ಮೇಲೆ ತರುತ್ತಿದ್ದರು. ಅದನ್ನು ಕೆರೆದು ತೆಗೆದ ಮೇಲೆ ನೀಲಗಿರಿ ಮರದ ಹಸಿ ದಿಮ್ಮಿಗಳನ್ನು ಆ ಕೆಂಪು ದ್ರವದೊಳಕ್ಕೆ ನುಗ್ಗಿಸುತ್ತಿದ್ದರು. ಹಸಿಮರ ಸುಡುವಾಗ ಏಳುವ ಅನಿಲಗಳು ತಾಮ್ರದೊಳಗೆ ಉಳಿದ ಆಮ್ಲಜನಕವನ್ನು ಎಳೆದುಕೊಂಡು ಹೋಗುತ್ತವೆ. ಆಗ ಇಡೀ ಅಂಗಳಕ್ಕೆ ಹಬ್ಬುತ್ತಿದ್ದ ವಾಸನೆ ನನಗೆ ಊರಿನ ಹಂಡೆಯೊಲೆಯನ್ನು ನೆನಪಿಸುತ್ತಿತ್ತು.

ಮರ ಹಾಕುವಾಗ ಹೊತ್ತುಹೊತ್ತಿಗೆ ಮಾದರಿ ತೆಗೆಯಬೇಕು. ಕುಲುಮೆಯ ಮುಖ್ಯ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಪೂರ್ವ ಉತ್ತರ ಪ್ರದೇಶದ ಬಲಿಯಾ ಕಡೆಯವರು, ಎತ್ತರದ ಆಳು, ಹುಬ್ಬು ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಸಣ್ಣ ಸೌಟಿನಲ್ಲಿ ಮಾದರಿ ತೆಗೆದು, ಅಚ್ಚಿಗೆ ಹೊಯ್ದು, ನೀರಿನಲ್ಲಿ ತಣಿಸಿ, ಇಕ್ಕಳದಲ್ಲಿ ಹಿಡಿದುಕೊಂಡೇ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಬಿಲ್ಲೆಯ ಮೈ ಕುಗ್ಗಿದ್ದರೆ ಇನ್ನೂ ಮರ ಬೇಕು, ಉಬ್ಬಿದ್ದರೆ ಮರ ಹೆಚ್ಚಾಯಿತು, ಸಮತಟ್ಟಾಗಿದ್ದರೆ ಹೊಯ್ಯಬಹುದು. ನಾನು ಆಮ್ಲದಲ್ಲಿ ಕರಗಿಸಿ ನೋಡುವವರೆಗೆ ಅವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

"ಮೇಡಂಜೀ, ಬೇಗ ಹೇಳಿ. ತಾಮ್ರ ಕಾಯುತ್ತೆ, ಕಲ್ಲಿದ್ದಲು ಕಾಯಲ್ಲ."

"ಆಮ್ಲಕ್ಕೂ ಅದರದ್ದೇ ಹೊತ್ತು ಬೇಕಲ್ಲ, ಉಸ್ತಾದ್."

ದಿನವೂ ಇದೇ ಜಗಳ. ಒಮ್ಮೆ ಅವರ ಅಂದಾಜು ಸರಿಯಾಗುತ್ತಿತ್ತು, ಒಮ್ಮೆ ನನ್ನ ಲೆಕ್ಕ. ಸೋತವರು ಚಹಾ ತರಿಸಬೇಕು. ಅವರ ಮಗಳ ಮದುವೆ, ಹೊಳೆ ಉಕ್ಕಿ ಅವರ ಊರಿಗೆ ನುಗ್ಗಿದ್ದು, ನನ್ನ ಅಪ್ಪ ಹೋದ ಸುದ್ದಿ, ಎಲ್ಲವೂ ಆ ಸ್ಟೂಲಿನ ಬಳಿಯೇ ಆದ ಮಾತುಗಳು.

ಮಧ್ಯಾಹ್ನ ಬರುತ್ತಿದ್ದವರು ಬಾವೂಜಿ. ಈ ಕಾರ್ಖಾನೆಯನ್ನು ಕಟ್ಟಿದವರು ಅವರೇ. ಕಾರುಬಾರೆಲ್ಲ ಮಗನ ಕೈಗೆ ಹೋದಮೇಲೆ, ಬಿಳಿ ಕುರ್ತಾ, ಕಾಲಿಗೆ ಚರ್ಮದ ಜೂತಿ ಹಾಕಿಕೊಂಡು ಕುಲುಮೆಯ ಸುತ್ತ ಒಂದು ಸುತ್ತು ಬಂದು ಕೊನೆಗೆ ನನ್ನಲ್ಲಿಗೆ ಬಂದು ಕೂರುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮೊದಲ ಸಲ ನನ್ನ ಊರು ಯಾವುದೆಂದು ಕೇಳಿದಾಗ, ನಮ್ಮ ಊರ ಹತ್ತಿರ ಒಂದು ಕಾಲಕ್ಕೆ ತಾಮ್ರದ ಗಣಿಯಿತ್ತು, ಈಗ ಮುಚ್ಚಿದೆ ಎಂದೆ. ಅವರ ಮುಖ ಅರಳಿತು.

"ಹಾಗಾದ್ರೆ ನೀನು ತಾಮ್ರದ ತವರಿನವಳು, ಬೇಟಾ. ನಾವೆಲ್ಲ ಗಂಡನ ಮನೆಯವರು."

ಕಾರ್ಖಾನೆಯ ಚರಿತ್ರೆಯನ್ನು ನಾನು ಅವರ ಬಾಯಿಂದಲೇ ಕೇಳಿದ್ದು. ಪಂಜಾಬಿ ಬೆರೆತ ಹಿಂದಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ, ಎಷ್ಟೋ ಮಧ್ಯಾಹ್ನಗಳಲ್ಲಿ. ಅವರ ಮನೆತನದವರು ಕಂಚುಗಾರರು, ಈಗ ಪಾಕಿಸ್ತಾನದಲ್ಲಿರುವ ಒಂದು ಪಟ್ಟಣದಲ್ಲಿ ತಾಮ್ರ ಬಡಿದು ಪಾತ್ರೆ ಮಾಡುತ್ತಿದ್ದವರು. ದೇಶ ಒಡೆದಾಗ ಅವರಿನ್ನೂ ಚಿಕ್ಕವರು. ದೆಹಲಿಯ ನಿರಾಶ್ರಿತರ ಡೇರೆಯಲ್ಲಿ ಅವರ ತಂದೆಗೆ ಸುತ್ತಿಗೆಯಿರಲಿಲ್ಲ, ಅಡಿಗಲ್ಲಿರಲಿಲ್ಲ. ಸುತ್ತಲಿನ ಜನ ಹೊಟ್ಟೆಪಾಡಿಗೆಂದು ಮನೆಯಿಂದ ಹೊತ್ತು ತಂದ ಪಾತ್ರೆಗಳನ್ನು ಮಾರುತ್ತಿದ್ದರು. ತಂದೆ ಅವನ್ನು ಕೊಂಡು, ನೆಲದಲ್ಲಿ ಗುಂಡಿ ತೋಡಿ, ಕರಗಿಸಿ, ಗಟ್ಟಿ ಮಾಡಿ ವ್ಯಾಪಾರಿಗಳಿಗೆ ಕೊಡತೊಡಗಿದರು.

"ಪಾತ್ರೆ ಮಾಡೋರ ಮನೆ ಪಾತ್ರೆ ಕರಗಿಸೋರ ಮನೆ ಆಯ್ತು," ಎಂದರು ಬಾವೂಜಿ. "ಒಂದೊಂದು ಪಾತ್ರೆನೂ ತಿರುಗಿಸಿ ನೋಡೋರು ನಮ್ಮಪ್ಪ. ಇದು ಇಂಥ ಊರಿನ ಕೈ, ಇದು ಇಂಥವನ ಸುತ್ತಿಗೆ ಪೆಟ್ಟು ಅನ್ನೋರು. ಆಮೇಲೆ ಬೆಂಕಿಗೆ ಹಾಕೋರು."

ಬಾವೂಜಿ ಬೆಳೆದು, ಹಳೆ ದೆಹಲಿಯ ಗಲ್ಲಿಯಿಂದ ಯಮುನೆಯ ಈಚೆ ಸಾಹಿಬಾಬಾದಿಗೆ ಬಂದು ದೊಡ್ಡ ಕುಲುಮೆ ಕಟ್ಟಿದಾಗ ತಂದೆಯನ್ನು ಮೊದಲ ಬೆಂಕಿಗೆ ಕರೆತಂದರಂತೆ. ಆ ಮುದುಕ ಕುರ್ಚಿಯನ್ನು ತಿರುಗಿಸಿ, ಗೇಟಿನ ಕಡೆ ಮುಖಮಾಡಿ ಕೂತುಬಿಟ್ಟರಂತೆ. ಕುಲುಮೆಗೆ ಬೆನ್ನು ಕೊಟ್ಟೇ ಪ್ರಸಾದ ತಿಂದು ಮನೆಗೆ ಹೋದರಂತೆ.

ಆಮೇಲೆ ವಿದ್ಯುತ್ ತಂತಿಗೆ ಅಪ್ಪಟ ತಾಮ್ರ ಬೇಕೆಂಬ ಬೇಡಿಕೆ ಬಂತು. ಕಲ್ಕತ್ತೆಯಿಂದ ಒಬ್ಬ ಇಂಜಿನಿಯರನ್ನು ಕರೆಸಿ ಬಾವೂಜಿ ತೊಟ್ಟಿಗಳನ್ನು ಕಟ್ಟಿಸಿದರು. ತೊಟ್ಟಿಯ ತುಂಬ ಮೈಲುತುತ್ತದ ನೀಲಿ ಆಮ್ಲ. ಅದರಲ್ಲಿ ಕುಲುಮೆಯ ತಾಮ್ರದ ದಪ್ಪ ಹಲಗೆಯನ್ನೂ ತೆಳುವಾದ ತಗಡನ್ನೂ ಎದುರುಬದುರು ಇಳಿಬಿಟ್ಟು ಕರೆಂಟು ಹರಿಸಿದರೆ, ಹಲಗೆ ಕರಗುತ್ತ ಹೋಗಿ ತಗಡಿನ ಮೇಲೆ ಶುದ್ಧ ತಾಮ್ರ ಬೆಳೆಯುತ್ತದೆ. ಮೊದಲ ಹಾಳೆ ಬೆಳೆದ ದಿನ ಬಾವೂಜಿ ಅದನ್ನು ಕಾರಿನಲ್ಲಿಟ್ಟುಕೊಂಡು ಮನೆಗೆ ಒಯ್ದರು. ಹೆಂಡತಿ ಅದನ್ನು ಹಿಂದೆ ಮುಂದೆ ನೋಡಿದರಂತೆ.

"ಇದರಲ್ಲಿ ಏನು ಬೇಯಿಸ್ತಾರೆ?"

"ಏನೂ ಇಲ್ಲ. ಇದು ತಂತಿ ಆಗುತ್ತೆ."

"ಮತ್ತೆ ಅಡುಗೆಮನೆಗೆ ಯಾಕೆ ತಂದ್ರಿ?"

ಇದನ್ನು ಹೇಳುವಾಗ ಬಾವೂಜಿ ಪ್ರತಿಸಲವೂ ನಗುತ್ತಿದ್ದರು.

ದೆಹಲಿಯ ಹವೆ ಕೆಟ್ಟು ಚಳಿಗಾಲದಲ್ಲಿ ಉಸಿರಾಡುವುದೇ ಕಷ್ಟವಾದಂತೆ, ರಾಜಧಾನಿಯ ಸುತ್ತಮುತ್ತ ಕಲ್ಲಿದ್ದಲು ಸುಡುವುದರ ಮೇಲೆ ನಿರ್ಬಂಧ ಬಿಗಿಯಾಗುತ್ತ ಬಂತು. ಬಾವೂಜಿಯ ಮಗ ಒಂದು ಸಭೆ ಕರೆದು, ಇನ್ನು ಹಳೆಯದನ್ನು ತೇಪೆ ಹಾಕುವುದಿಲ್ಲ, ಎಲ್ಲವನ್ನೂ ಹೊಸದು ಮಾಡುತ್ತೇವೆ ಎಂದರು. ಪೈಪಿನ ಗ್ಯಾಸಿನಲ್ಲಿ ಉರಿಯುವ, ಒಂದು ಬದಿಗೆ ವಾಲಿಸಿ ತಾಮ್ರ ಹೊಯ್ಯುವ ಕುಲುಮೆ, ಮರದ ಬದಲು ಗ್ಯಾಸು, ತಾಮ್ರದ ತೆಳು ತಗಡಿನ ಬದಲು ಮತ್ತೆ ಮತ್ತೆ ಬಳಸುವ ಉಕ್ಕಿನ ಹಲಗೆಗಳು, ಬೆಳೆದ ತಾಮ್ರವನ್ನು ಸುಲಿದು ತೆಗೆಯಲು ಯಂತ್ರದ ಕೈ. ಪ್ರಯೋಗಾಲಯಕ್ಕೆ ಕಿಡಿಯ ಯಂತ್ರ ಮತ್ತು ಗಾಳಿಯ ಕೊಳವೆ. ನನಗೆ ಸಂತೋಷವೇ ಆಯಿತು. ಆಮ್ಲದ ಹೊಗೆ ಕುಡಿದು ಕುಡಿದು ಗಂಟಲು ಕಟ್ಟಿಹೋಗಿತ್ತು. ಮರ ನೂಕುವವರ ಮುಂಗೈ ಸುಟ್ಟಾಗಲೆಲ್ಲ ಬರ್ನಾಲ್ ಹಚ್ಚುತ್ತಿದ್ದವಳೂ ನಾನೇ.

ಆ ಯಂತ್ರಗಳನ್ನು ಕೂರಿಸಲು ಬಂದ ತಂಡದಲ್ಲಿ ಒಬ್ಬ ಯುವ ಇಂಜಿನಿಯರಿದ್ದ. ನಾನು ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ, ಏಣಿಯ ಮೇಲಿಂದಲೇ ತಿರುಗಿ ನೋಡಿದ.

"ಮ್ಯಾಮ್, ನೀವು ಕನ್ನಡಾನಾ?"

"ಹೌದಪ್ಪ. ನೀನೂ?"

"ಮಮ್ಮಿ ಪಪ್ಪಾ ಕನ್ನಡ. ನಂಗೆ ಸಬ್ ಕುಛ್ ಅರ್ಥ ಆಗುತ್ತೆ. ಬೋಲ್ನೇ ಮೇ ಥೋಡಾ... ಅಂದ್ರೆ ಮಾತಾಡಕ್ಕೆ ಸ್ವಲ್ಪ ಗಡ್‌ಬಡ್ ಆಗುತ್ತೆ."

ಕೇಂದ್ರ ಸರ್ಕಾರದ ನೌಕರರೊಬ್ಬರ ಮಗ, ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಆ ದಿನದಿಂದ ನಾನು ಅವನನ್ನು ಕನ್ನಡದಲ್ಲೇ ಮಾತಾಡಿಸುತ್ತಿದ್ದೆ, ಅವನು ಮೂರೂ ಭಾಷೆ ಕಲಸಿ ಉತ್ತರ ಕೊಡುತ್ತಿದ್ದ. 'ಬಿಲ್ಲೆ' ಎಂಬ ಪದ ಕಲಿತ. 'ತವರು' ಎಂದರೆ ಹೆಣ್ಣಿನ ಹುಟ್ಟಿದ ಮನೆ, 'ತವರ' ಎಂದರೆ ಲೋಹ ಎಂದಾಗ ತಲೆ ಕೆರೆದುಕೊಂಡ. ಕೆಲಸದ ಜಾಗದಲ್ಲಿ ಕನ್ನಡ ಕೇಳಿಸಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬೆಳಿಗ್ಗೆ ಆಟೋದಲ್ಲಿ ಬರುವಾಗ, ಇವತ್ತು ಇವನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಬರುತ್ತಿದ್ದೆ.

ಒಂದು ಭಾನುವಾರ ಅವನ ತಾಯಿ ಊಟಕ್ಕೆ ಕರೆದರು. ಕಿದ್ವಾಯಿ ನಗರದ ಹೊಸ ಸರ್ಕಾರಿ ಬಹುಮಹಡಿ ವಸತಿಗಳಲ್ಲಿ ಎತ್ತರದ ಒಂದು ಮನೆ. ಹುಳಿ, ಕೋಸಂಬರಿ, ಹೆಸರುಬೇಳೆ ಪಾಯಸ. ಬಡಿಸುತ್ತ ಬಡಿಸುತ್ತ ಅವರು ಕೇಳಿದರು:

"ಒಬ್ಬರೇನಾ ಇರೋದು?"

"ಹೂಂ."

"ಬೇಜಾರಾಗಲ್ವಾ?"

"ಕೆಲಸ ಇರುತ್ತಲ್ಲ."

"ಊರಿಗೆ ಹೋಗಬೇಕು ಅನ್ನಿಸಲ್ವಾ? ನಮಗಂತೂ ಇವರು ರಿಟೈರ್ ಆದ ಮಾರನೇ ದಿನವೇ ಟಿಕೆಟ್ಟು. ಧಾರವಾಡದಲ್ಲಿ ಫ್ಲಾಟ್ ನೋಡಿಟ್ಟಿದೀವಿ."

ಮಗ ಮೊಬೈಲಿನಿಂದ ತಲೆಯೆತ್ತಿ, "ಮಮ್ಮಿ, ಬಸ್ ಕರೋ, ಮ್ಯಾಮ್ ಊಟ ಮಾಡ್ಲಿ" ಎಂದ. ಆ ತಾಯಿ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹೊರಡುವಾಗ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು, "ಬರ್ತಾ ಇರಿ" ಎಂದರು. ಅಲ್ಲಿಂದ ಇಳಿದು ಸರೋಜಿನಿ ನಗರದ ಬಟ್ಟೆ ಮಾರುಕಟ್ಟೆಯ ಗದ್ದಲದಲ್ಲಿ, ಏನೂ ಕೊಳ್ಳುವುದಿಲ್ಲದೆ, ಜನ ತಳ್ಳಿದತ್ತ ಸುಮಾರು ಹೊತ್ತು ನಡೆದೆ. ಭುಜಕ್ಕೆ ಭುಜ ತಾಕುವುದೇ ಆ ಹೊತ್ತಿಗೆ ಹಿತವಾಗಿತ್ತು.

ಹಳೆ ಕುಲುಮೆಯ ಕೊನೆಯ ದಿನ ಬಂತು. ಉಸ್ತಾದ್ ಬೆಳಿಗ್ಗೆಯೇ ಕುಲುಮೆಯ ಬಾಯಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಿದ್ದರು. ಬಾವೂಜಿಗೆ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಕೊನೆಯ ತಾಮ್ರ ಅಚ್ಚುಗಳಿಗೆ ಹರಿದು ಮುಗಿದಮೇಲೆ ಬೆಂಕಿ ಕೊಡುವುದನ್ನು ನಿಲ್ಲಿಸಿದರು. ಅಷ್ಟು ದಿನ ಕಿವಿಗೆ ಬೀಳುತ್ತಿದೆಯೆಂದು ಗೊತ್ತೇ ಇರದಿದ್ದ ಮೊರೆತ ನಿಂತಿತು. ಅಂಗಳದ ಬೇವಿನ ಮರದಲ್ಲಿ ಗಿಳಿಗಳಿದ್ದವೆಂಬುದು ಆಗ ಕೇಳಿಸಿತು. ಮಗ ಬಂದು, "ಬಾವೂಜಿ, ಮನೆಗೆ ಹೋಗೋಣ. ನಾಳೆಯಿಂದ ಒಡೆಯೋರು ಬರ್ತಾರೆ, ಧೂಳು" ಎಂದರು.

"ನಾಳೆ ನಾನೂ ಬರ್ತೀನಿ," ಎಂದರು ಬಾವೂಜಿ. "ಬೆಂಕಿ ಹಚ್ಚೋವಾಗ ನಮ್ಮಪ್ಪ ಬೆನ್ನು ಹಾಕಿದ್ರು. ನಾನು ಒಡೆಯೋವಾಗ ಹಾಕಲ್ಲ."

ಹಾಗೇ ಮಾಡಿದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇಟ್ಟಿಗೆಯ ಕಮಾನು ಬೀಳುವುದನ್ನು ದಿನವೂ ಬಂದು ನೋಡಿದರು. ಒಡೆದ ಇಟ್ಟಿಗೆಗಳ ಸಂದಿನಲ್ಲೆಲ್ಲ ತಾಮ್ರ ಬೇರಿನಂತೆ ಇಳಿದಿತ್ತು. ಅದನ್ನೂ ಆರಿಸಿ ಹೊಸ ಕುಲುಮೆಗೆ ಕೊಂಡೊಯ್ದರು.

ಉಸ್ತಾದ್ ಊರಿಗೆ ಹೊರಟರು. ಹೊಸ ಕುಲುಮೆಯಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು, ಅವರೇ ಒಲ್ಲೆ ಎಂದರು. ಕಣ್ಣು ಮಂಜಾಗಿತ್ತು, ಮಗಳು ಕರೆಯುತ್ತಿದ್ದಳು. ಹೊಸ ಅಂಗಿ ಹಾಕಿಕೊಂಡು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಇಕ್ಕಳವಿಲ್ಲದೆ ಅವರನ್ನು ನೋಡಿ ನನಗೆ ಅಭ್ಯಾಸವಿರಲಿಲ್ಲ.

"ಮೇಡಂಜೀ, ಇನ್ಮೇಲೆ ಮಶೀನಿನ ಜೊತೆ ಜಗಳ ಆಡಿ."

"ಅದು ಸೋತರೂ ಚಹಾ ಕೊಡಿಸಲ್ಲ, ಉಸ್ತಾದ್."

ಅವರು ನಕ್ಕು, ಎರಡೂ ಕೈ ಎತ್ತಿ ನನ್ನ ತಲೆಯ ಮೇಲೆ ಇಟ್ಟಂತೆ ಮಾಡಿ, ಮುಟ್ಟದೆ ಹೋದರು.

ಹೊಸ ಘಟಕ ಓಡತೊಡಗಿತು. ಕೊಳವೆ ಸರಿಯಾಗಿ ಕೆಲಸ ಮಾಡುವುದನ್ನು ಖಾತ್ರಿ ಮಾಡಿಕೊಂಡ ಮೇಲೆ ಇಂಜಿನಿಯರ್ ಹುಡುಗನಿಗೂ ವಡೋದರಾದ ಇನ್ನೊಂದು ಕಾರ್ಖಾನೆಯ ಕೆಲಸ ಬಂತು. ಕೊನೆಯ ದಿನ ತುಂಬ ಹುರುಪಿನಲ್ಲಿದ್ದ. "ಮ್ಯಾಮ್, ಇನ್ನು ನಿಮಗೆ ಯಾರೂ ಡಿಸ್ಟರ್ಬ್ ಮಾಡಲ್ಲ. ಆರಾಮ್ ಸೇ ಕೂತ್ಕೊಂಡು ಕೆಲಸ ಮಾಡಿ!" ಎಂದ. ತಾನು ನನಗೆ ಒಳ್ಳೆಯದೇ ಮಾಡಿದ್ದೇನೆಂದು ಅವನು ನಂಬಿದ್ದ. ನಾನೂ ಥ್ಯಾಂಕ್ಸ್ ಎಂದೆ. ಯುಗಾದಿ ಬಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಶುಭಾಶಯ ಕಳಿಸುತ್ತಾನೆ.

ಬಾವೂಜಿ ಮಾತ್ರ ಬರುತ್ತಿದ್ದರು. ಒಂದು ಮಧ್ಯಾಹ್ನ ಹೊಸ ಕುಲುಮೆಯನ್ನು ನೋಡಲು ಹೋದರು. ಬಾಗಿಲಲ್ಲಿದ್ದ ಭದ್ರತೆಯವನು ಕೆಲಸಕ್ಕೆ ಹೊಸಬ. ತಲೆಗೆ ಹೆಲ್ಮೆಟ್, ಕಾಲಿಗೆ ಉಕ್ಕಿನ ಮೂತಿಯ ಬೂಟು ಇಲ್ಲದವರನ್ನು ಬಿಡಬಾರದು ಎಂದು ಅವನಿಗೆ ಅಪ್ಪಣೆಯಾಗಿತ್ತು. ಇವರು ಯಾರೆಂದು ಅವನಿಗೆ ತಿಳಿಯದು. "ಅಂಕಲ್‌ಜೀ, ಜೂತಿಯಲ್ಲಿ ಒಳಗೆ ಹೋಗಂಗಿಲ್ಲ" ಎಂದ. ಬಾವೂಜಿ ತಾವು ಯಾರೆಂದು ಹೇಳಲಿಲ್ಲ. ತಿರುಗಿ ನನ್ನಲ್ಲಿಗೆ ಬಂದು, ಉಸ್ತಾದರ ಸ್ಟೂಲಿನ ಮೇಲೆ ಕೂತರು. ವಿಷಯ ತಿಳಿದು ನನಗೆ ಸಿಟ್ಟು ಬಂತು, ಅವರ ಮಗನಿಗೆ ಫೋನ್ ಮಾಡಲು ಕೈ ಹಾಕಿದೆ.

"ಬೇಡ," ಎಂದರು. "ಅವನು ಸರಿ ಮಾಡಿದಾನೆ. ನಮ್ಮ ಕಾಲದಲ್ಲಿ ಹೀಗೆ ತಡೆಯೋನು ಒಬ್ಬ ಇದ್ದಿದ್ರೆ ಎಷ್ಟು ಜನರ ಕಾಲು ಉಳೀತಿತ್ತು."

ಮಗನಿಗೆ ಹೇಗೋ ತಿಳಿದು ಮರುದಿನವೇ ಅವರ ಅಳತೆಯ ಬೂಟು ತರಿಸಿದರು. ಬಾವೂಜಿ ಅದನ್ನು ಹಾಕಿಕೊಂಡು ಎರಡು ಹೆಜ್ಜೆ ಇಟ್ಟು, ಭಾರ ಎಂದು ಬಿಚ್ಚಿಟ್ಟರು. ಹೊಸ ಕುಲುಮೆಯನ್ನು ಅವರು ಒಳಗೆ ಹೋಗಿ ನೋಡಲೇ ಇಲ್ಲ. ನನ್ನ ಎದುರು ಕೂತು, ಡಬ್ಬಿ ಧಪ್ಪೆಂದಾಗಲೆಲ್ಲ ಬೆಚ್ಚಿ, "ಬಂತಾ?" ಎನ್ನುತ್ತಿದ್ದರು. ನಾನು ಬಿಲ್ಲೆಯನ್ನು ಮೊದಲು ಅವರ ಅಂಗೈಗೆ ಕೊಡುತ್ತಿದ್ದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಮೇಲೆ ಯಂತ್ರಕ್ಕೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಲ್ಲಿಗೆ ಮಧ್ಯಾಹ್ನಗಳೂ ಖಾಲಿಯಾದವು.

ಕೆಲವು ವಾರ ಕಾದು, ಒಂದು ಭಾನುವಾರ ವೈಶಾಲಿಯಲ್ಲಿ ಮೆಟ್ರೋ ಹತ್ತಿ ಪಟೇಲ್ ನಗರದ ಅವರ ಮನೆಗೆ ಹೋದೆ. ಮಾಲೀಕರ ಮನೆಗೆ ಕರೆಯದೆ ಹೋಗುವುದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಅಳುಕಿತ್ತು. ಸೊಸೆ ಬಾಗಿಲು ತೆರೆದು, "ಓ, ಲ್ಯಾಬಿನ ಮೇಡಂ! ನಿಮ್ಮನ್ನೇ ಕೇಳ್ತಿರ್ತಾರೆ" ಎಂದು ಒಳಗೆ ಕರೆದೊಯ್ದರು. ಬಾವೂಜಿ ಹಾಸಿಗೆಯಲ್ಲಿ ಅರ್ಧ ಎದ್ದು ಕೂತಿದ್ದರು. ಕುರ್ತಾದೊಳಗೆ ಅವರು ಕುಗ್ಗಿಹೋಗಿದ್ದರು. ನನ್ನ ಕೈ ಹಿಡಿದುಕೊಂಡು, ಸುತ್ತುಬಳಸದೆ ಕೇಳಿದರು:

"ನಿಜ ಹೇಳು. ಹೊಸ ಕುಲುಮೆ ತಾಮ್ರ ಹೇಗೆ ಬರ್ತಿದೆ?"

ನನಗೆ ಒಂದು ಕ್ಷಣ ಹಿಂಜರಿಕೆಯಾಯಿತು. ಅವರಿಗೆ ಹಿತವಾಗುವ ಉತ್ತರ ಯಾವುದೆಂದು ಗೊತ್ತಿತ್ತು. ಆದರೆ ಇಷ್ಟು ವರ್ಷವೂ ಅವರು ನನ್ನಿಂದ ಕೇಳಿದ್ದು ತಾಮ್ರದ ಸಂಗತಿಯೊಂದೇ, ಅದರಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

"ಒಳ್ಳೇದು ಬರ್ತಿದೆ, ಬಾವೂಜಿ. ನಮ್ಮದಕ್ಕಿಂತ ಒಳ್ಳೇದು."

"ಬಹಳ ಒಳ್ಳೇದಾ?"

"ಬಹಳ."

ಅವರು ಕಣ್ಣು ಮುಚ್ಚಿಕೊಂಡರು. ನೋವಾಯಿತೇನೋ ಎಂದುಕೊಂಡೆ. "ಸೀಸ ಬಿಡ್ತಾ ಇರ್ಲಿಲ್ಲ ನಮ್ಮ ಕುಲುಮೆ. ಎಷ್ಟು ಊದಿದ್ರೂ ಬಿಡ್ತಾ ಇರ್ಲಿಲ್ಲ" ಎಂದರು. "ಈಗ ಬಿಡ್ತಾ?"

"ಬಿಡ್ತು."

"ಚಲೋ," ಎಂದರು. ತುಟಿಯ ಮೇಲೆ ತೆಳ್ಳಗೆ ನಗುವಿತ್ತು. "ಚಲೋ, ಒಳ್ಳೇದಾಯ್ತು."

ಅಂದಿನಿಂದ ನಾನು ಬಹುತೇಕ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಮನೆಯವರೂ ಏನೂ ಅಂದುಕೊಳ್ಳುವುದಿಲ್ಲ. ನಾನಿದ್ದಾಗ ಸೊಸೆಗೆ ಸ್ವಲ್ಪ ಹೊರಗೆ ಹೋಗಿಬರಲು ಬಿಡುವಾಗುತ್ತದೆ. ಈಚೆಗೆ ಬಾವೂಜಿಗೆ ಮಾತು ಕಡಿಮೆ. ಟೀವಿಯಲ್ಲಿ ಭಜನೆಯೋ ಕ್ರಿಕೆಟ್ಟೋ ಓಡುತ್ತಿರುತ್ತದೆ. ನಡುನಡುವೆ ನನ್ನ ಊರಿನ ಗಣಿ ಮತ್ತೆ ತೆರೆಯಿತೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಕಳೆದ ಭಾನುವಾರ ಹೋದಾಗ ಅವರು ನಿದ್ದೆಯಲ್ಲಿದ್ದರು. ಎಬ್ಬಿಸಬೇಡಿ ಎಂದೆ. ನೋಡಿಕೊಳ್ಳುವ ಹೆಂಗಸು ನನಗೊಂದು ಕುರ್ಚಿ ಹಾಕಿ, ಚಹಾ ಇಟ್ಟು, ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ಅವರ ಉಸಿರಾಟ ಕೇಳುತ್ತ ಕೂತೆ. ಕೆಳಗಿನ ರಸ್ತೆಯಲ್ಲಿ ತರಕಾರಿ ಮಾರುವ ಭಯ್ಯಾ ಕೂಗುತ್ತ ಹೋದ. ಗೋಡೆಯ ಮೇಲಿನ ಬಿಸಿಲು ಮಂಚದ ಕಾಲಿನವರೆಗೆ ಇಳಿಯಿತು. ಆ ಹೆಂಗಸು ಮಾಳಿಗೆಯಿಂದ ಇಳಿದು ಬಂದಾಗಲೂ ಅವರಿಗೆ ಸಮವಾದ ಉಸಿರಿನ ಗಾಢ ನಿದ್ದೆ. ಹೊದಿಕೆಯನ್ನು ಅವರ ಪಾದದ ಮೇಲೆ ಎಳೆದು, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ವೈಶಾಲಿಯ ಮೆಟ್ರೋ ಹಿಡಿದೆ.